ಮಕ್ಕಳ ಟಿವಿ ಕಾರ್ಯಕ್ರಮದ ನಿರೂಪಕಿ ಆಗಬೇಕು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನಗೆ 24 ವರ್ಷ, ಚಿಂತಾಮಣಿ ತಾಲ್ಲೂಕಿನವಳು. ಡಿ.ಎಡ್. ಮುಗಿಸಿ ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಕಥೆ ಹೇಳೋದು, ಹಾಡಿಸೋದು ಚೆನ್ನಾಗಿ ಬರುತ್ತೆ ಅಂತಾರೆ. ಟಿವಿಯಲ್ಲಿ ಮಕ್ಕಳ ಕಾರ್ಯಕ್ರಮ ನಡೆಸಿಕೊಡಬೇಕು ಅಂತ ಆಸೆ. ಮನೆಯಲ್ಲಿ ಮಾತ್ರ "ಮುಖ ಚೆನ್ನಾಗಿರೋವರೆಗೂ ಕರೀತಾರೆ, ಆಮೇಲೆ ಏನು ಮಾಡ್ತೀಯ?" ಅಂತಾರೆ. ಮನೆಮಾತು ತೆಲುಗು, ನನ್ನ ಕನ್ನಡದಲ್ಲಿ ನಮ್ಮ ಕಡೆ ಧಾಟಿ ಇದೆ. ಆಡಿಷನ್‌ಗೆ ಏನು ಕಳಿಸಬೇಕು? ಇದನ್ನೇ ನಂಬಿ ಬದುಕೋಕಾಗುತ್ತಾ?

ಉತ್ತರ: ಮನೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಬೇರೆಯವರು ಬರೆದುಕೊಟ್ಟಿದ್ದನ್ನು ನಗುತ್ತಾ ಒಪ್ಪಿಸುವುದಷ್ಟೇ ಗೊತ್ತಿದ್ದರೆ, ಅದಕ್ಕೆ ನಿಮಗಿಂತ ಚಿಕ್ಕವರು ಪ್ರತಿ ವರ್ಷ ಸಿಗುತ್ತಾರೆ. ಉಳಿಯುವವರು ಕಾರ್ಯಕ್ರಮದ ಸರಕನ್ನೇ ತಯಾರಿಸಬಲ್ಲವರು: ಕಥೆ ಬರೆಯುವವರು, ಬೊಂಬೆ ಆಡಿಸುವವರು, ಕೈಕೆಲಸ ಬಲ್ಲವರು, ಪ್ರಶ್ನೆ ಕಟ್ಟುವವರು. ಮುಖ ಅದರ ಮೇಲೆ ಬರುವುದು.

ಅಮೆರಿಕದ ಫ್ರೆಡ್ ರೋಜರ್ಸ್ ಇದಕ್ಕೆ ದೊಡ್ಡ ಉದಾಹರಣೆ. ಸಂಗೀತ ರಚನೆ ಓದಿದವರು. 1954ರಲ್ಲಿ ಪಿಟ್ಸ್‌ಬರ್ಗ್‌ನ ಸಾರ್ವಜನಿಕ ಟಿವಿ ಕೇಂದ್ರದಲ್ಲಿ ಮಕ್ಕಳ ಕಾರ್ಯಕ್ರಮ ಶುರುವಾದಾಗ ಕ್ಯಾಮೆರಾ ಮುಂದೆ ಇದ್ದವರು ಜೋಸಿ ಕ್ಯಾರಿ ಎಂಬ ನಿರೂಪಕಿ. ರೋಜರ್ಸ್ ಹಲವು ವರ್ಷ ಸೆಟ್ಟಿನ ಹಿಂದೆಯೇ ನಿಂತು ಬೊಂಬೆ ಆಡಿಸಿದರು, ವಾದ್ಯ ನುಡಿಸಿದರು. ಅವರದೇ ಹೆಸರಿನ ಕಾರ್ಯಕ್ರಮ ದೇಶಕ್ಕೆಲ್ಲ ಪ್ರಸಾರವಾಗತೊಡಗಿದ್ದು 1968ರಲ್ಲಿ, ಅಂದರೆ ನಲವತ್ತರ ಹೊಸ್ತಿಲಲ್ಲಿ. ಅದು ಮುಗಿದಿದ್ದು 2001ರಲ್ಲಿ, ಅವರಿಗೆ 73 ಆದಾಗ. ಸ್ಕ್ರಿಪ್ಟು, ಹಾಡು, ಬೊಂಬೆಯ ದನಿ ಬಹುಪಾಲು ಅವರದೇ. ಅವರ ಜಾಗಕ್ಕೆ ಇನ್ನೊಬ್ಬರನ್ನು ತರುವುದು ಸಾಧ್ಯವೇ ಇರಲಿಲ್ಲ. ಇದಕ್ಕೆ ತದ್ವಿರುದ್ಧ ಬಿಬಿಸಿಯ ‘ಬ್ಲೂ ಪೀಟರ್’. 1958ರಿಂದ ಈ ಮಕ್ಕಳ ಕಾರ್ಯಕ್ರಮ ನಡೆಯುತ್ತಲೇ ಇದೆ, ನಿರೂಪಕರು ಹತ್ತಾರು ಮಂದಿ ಬಂದು ಹೋಗಿದ್ದಾರೆ. ಕೆಲಸಕ್ಕೆ ಸೇರುವಾಗ ನೀವು ಎರಡರಲ್ಲಿ ಯಾವ ಥರದ ಕಾರ್ಯಕ್ರಮಕ್ಕೆ ಹೋಗುತ್ತಿದ್ದೀರಿ ಅಂತ ತಿಳಿದಿರಬೇಕು.

ನಮ್ಮಲ್ಲೇ ನೋಡಿ. ಡಾ. ನಾ. ಸೋಮೇಶ್ವರ ವೃತ್ತಿಯಲ್ಲಿ ವೈದ್ಯರು. ಚಂದನದಲ್ಲಿ 2002ರಿಂದ ‘ಥಟ್ ಅಂತ ಹೇಳಿ’ ನಡೆಸಿಕೊಡುತ್ತಿದ್ದಾರೆ, ಬಹುಮಾನವಾಗಿ ಪುಸ್ತಕ ಕೊಡುತ್ತಾ. ಅವರ ಬಂಡವಾಳ ಓದು, ಅದು ವಯಸ್ಸಿನ ಜೊತೆ ಹೆಚ್ಚುತ್ತದೆಯೇ ಹೊರತು ಕರಗುವುದಿಲ್ಲ. ಪೋಗೋ ವಾಹಿನಿಯಲ್ಲಿ ‘ಮ್ಯಾಡ್’ ನಡೆಸುತ್ತಿದ್ದ ರಾಬ್‌ಗೆ ಕೈಕೆಲಸವೇ ಬಂಡವಾಳ. ಟಿವಿ ಕಾರ್ಯಕ್ರಮ ನಿಂತ ಮೇಲೆ ಅದೇ ಕೈಕೆಲಸ ಹಿಡಿದು ಯೂಟ್ಯೂಬಿಗೆ ಬಂದರು, ಮಕ್ಕಳೂ ಜೊತೆಗೆ ಬಂದರು.

ಕನ್ನಡದಲ್ಲಿ ಕೆಲಸ ಎಷ್ಟಿದೆ ಅಂತ ಕೇಳಿದರೆ, ಸ್ಟುಡಿಯೋದಲ್ಲಿ ಕೂತು ಮಕ್ಕಳ ಜೊತೆ ಮಾತಾಡುವ ಕೆಲಸ ಕಡಿಮೆ. ಮಕ್ಕಳಿಗೆಂದೇ 2009ರಲ್ಲಿ ಶುರುವಾದ ಚಿಂಟು ಟಿವಿಯಲ್ಲಿ ಬಹುಪಾಲು ಹೊತ್ತು ಓಡುವುದು ಡಬ್ ಆದ ಕಾರ್ಟೂನು. ಆದ್ದರಿಂದ ಬರೀ ‘ನಿರೂಪಣೆ’ ಅಂತ ಹುಡುಕಿದರೆ ಬಾಗಿಲು ನಾಲ್ಕೈದು ಸಿಗಬಹುದು. ‘ಮಕ್ಕಳ ಕಾರ್ಯಕ್ರಮದ ಕೆಲಸ’ ಅಂತ ಹುಡುಕಿದರೆ ಡಬ್ಬಿಂಗ್, ಕಥೆಯ ಆಡಿಯೋ, ಪಾಠದ ವಿಡಿಯೋ, ಸ್ಕ್ರಿಪ್ಟು, ಬೇಸಿಗೆ ಶಿಬಿರ ಎಲ್ಲವೂ ಸೇರುತ್ತವೆ. 2020ರ ಲಾಕ್‌ಡೌನಿನಲ್ಲಿ ಶಿಕ್ಷಣ ಇಲಾಖೆ ‘ಮಕ್ಕಳವಾಣಿ’ ಯೂಟ್ಯೂಬ್ ವಾಹಿನಿ ಶುರು ಮಾಡಿತು, ಚಂದನದಲ್ಲಿ ಪಾಠಗಳು ಬಂದವು. ಆಗ ಕ್ಯಾಮೆರಾ ಮುಂದೆ ನಿಂತವರಲ್ಲಿ ಶಾಲೆಯ ಮೇಷ್ಟ್ರು, ಮೇಡಮ್ಮುಗಳು ಎಷ್ಟೋ ಮಂದಿ. ನಿಮ್ಮ ಡಿ.ಎಡ್. ವ್ಯರ್ಥವಲ್ಲ.

ಇನ್ನು ನಿಮ್ಮ ಮಾತಿನ ಧಾಟಿ. ಅದನ್ನು ತೊಳೆದು ಹಾಕಬೇಡಿ. ವಾರ್ತೆ ಓದುವವರ ಕನ್ನಡದಲ್ಲಿ ಐದು ವರ್ಷದ ಮಗುವಿನ ಜೊತೆ ಮಾತಾಡಿದರೆ ಅದು ಅರ್ಧ ನಿಮಿಷಕ್ಕೆ ಎದ್ದು ಹೋಗುತ್ತದೆ. ರಾಗ ಇರಲಿ, ಉಚ್ಚಾರಣೆ ಮಾತ್ರ ಸ್ಪಷ್ಟವಾಗಲಿ. ನಮ್ಮ ಕಡೆ ಸಾಮಾನ್ಯವಾಗಿ ಎಡವುವುದು ಮೂರು ಕಡೆ: ಹಕಾರ ಬಿದ್ದು ಹೋಗುವುದು, ಮಹಾಪ್ರಾಣ ಅಲ್ಪಪ್ರಾಣವಾಗುವುದು, ಶಕಾರ ಸಕಾರವಾಗುವುದು. ಆಡು-ಹಾಡು, ಅತ್ತು-ಹತ್ತು, ಆರು-ಹಾರು, ಅಳೆ-ಹಳೆ ಇಂಥ ಜೋಡಿಗಳನ್ನು ದಿನಾ ಹತ್ತು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ. ಅವತ್ತೇ ಕೇಳಿದರೆ ಏನು ಹೇಳಿದ್ದೀರಿ ಅನ್ನೋ ನೆನಪು ಕಿವಿಗೆ ಮೋಸ ಮಾಡುತ್ತದೆ. ಸುಮ್ಮನೆ ಎಲ್ಲ ಕಡೆ ಹಕಾರ ತುರುಕಿ ‘ಹಾನೆ’ ಅನ್ನುವುದು ಇದಕ್ಕಿಂತ ಕೆಟ್ಟದು, ಆಡಿಷನ್ನಿನಲ್ಲಿ ಎಷ್ಟೋ ಜನ ಗಾಬರಿಗೆ ಹೀಗೆ ಮಾಡುತ್ತಾರೆ.

ತೆಲುಗು ಬರುವುದು ಕೊರತೆಯಲ್ಲ, ಅನುಕೂಲ. ಕೈವಾರ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡು ಕಟ್ಟಿದ ತಾಲ್ಲೂಕು ನಿಮ್ಮದು. ಫೋನ್-ಇನ್ ಕಾರ್ಯಕ್ರಮಕ್ಕೆ ಬಾಗೇಪಲ್ಲಿಯಿಂದಲೋ ಮುಳಬಾಗಿಲಿನಿಂದಲೋ ಮಗು ಕರೆ ಮಾಡಿ ತೆಲುಗಿನಲ್ಲಿ ಉತ್ತರ ಕೊಟ್ಟರೆ, ಅದನ್ನು ತಿದ್ದದೆ, ಅದೇ ಉತ್ತರವನ್ನು ಕನ್ನಡದಲ್ಲಿ ಖುಷಿಯಾಗಿ ಹೇಳಿ ಮುಂದಕ್ಕೆ ಹೋಗಬಲ್ಲವರು ಬೆಂಗಳೂರಿನ ನಿರೂಪಕರಲ್ಲಿ ಎಷ್ಟು ಜನ ಇದ್ದಾರೆ? ಫೋನ್-ಇನ್ ಅಂದ ಮೇಲೆ ಇನ್ನೊಂದು: ಮಗುವಿಗೆ ಹೇಳಬೇಕಾದ ಮೊದಲ ಮಾತು "ಪಕ್ಕದಲ್ಲಿರೋ ಟಿವಿ ಸೌಂಡು ಪೂರ್ತಿ ಕಡಿಮೆ ಮಾಡು". ಪ್ರಸಾರ ಕೆಲವು ಸೆಕೆಂಡು ತಡವಾಗಿ ಮನೆಗೆ ತಲುಪುತ್ತದೆ. ಮಗು ಟಿವಿಯಲ್ಲಿ ತನ್ನದೇ ದನಿ ಕೇಳಿ ಬಾಯಿ ಕಟ್ಟಿಕೊಳ್ಳುತ್ತದೆ.

ಕ್ಯಾಮೆರಾ ಮುಂದೆ ಹೊಸಬರು ಮಾಡುವ ದೊಡ್ಡ ತಪ್ಪು ‘ಮಕ್ಕಳ ದನಿ’ ತೆಗೆಯುವುದು. ಗಂಟಲು ಮೇಲೇರಿಸಿ, ಪ್ರತಿ ವಾಕ್ಯವನ್ನೂ ಎಳೆದು, "ಹಾಯ್ ಪುಟಾಣಿಗಳೇಏಏ" ಅನ್ನುವುದು. ಇದು ಕೇಳುವವರಿಗೆ ಹಿಂಸೆ, ಗಂಟಲಿಗೂ ಕೇಡು. ನಾಲ್ಕು ಎಪಿಸೋಡ್ ಒಂದೇ ದಿನ ಶೂಟ್ ಆದರೆ ಸಂಜೆಗೆ ದನಿ ಒಡೆಯುತ್ತದೆ. (ದನಿ ಒಡೆದಿದ್ದು ಮೂರು ವಾರ ಮೀರಿಯೂ ಸರಿಹೋಗದಿದ್ದರೆ ಕಷಾಯ ಸಾಕು ಮಾಡಿ ಕಿವಿ-ಮೂಗು-ಗಂಟಲು ವೈದ್ಯರನ್ನು ನೋಡಿ.) ತರಗತಿಯಲ್ಲಿ ನೀವು ಮೂವತ್ತು ಮಕ್ಕಳಿಗೆ ಮಾತಾಡುತ್ತೀರಿ. ಲೆನ್ಸಿನ ಆಚೆ ಇರುವುದು ಒಂದೇ ಮಗು, ಬಹಳ ಅಂದರೆ ಜೊತೆಗೆ ತಮ್ಮನೋ ತಂಗಿಯೋ. ಹಾಗಾಗಿ ದನಿ ತಗ್ಗಬೇಕು, ‘ನೀವೆಲ್ಲಾ’ ಹೋಗಿ ‘ನೀನು’ ಬರಬೇಕು.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು ಇನ್ನೂ ಕಷ್ಟ. "ಈ ಡಬ್ಬಿಯಲ್ಲಿ ಏನಿರಬಹುದು?" ಅಂತ ಕೇಳಿ ಮನಸ್ಸಿನಲ್ಲಿ ಒಂದರಿಂದ ನಾಲ್ಕರವರೆಗೆ ಎಣಿಸಬೇಕು, ಕಣ್ಣು ಲೆನ್ಸಿನಲ್ಲೇ ಇರಬೇಕು. ಸ್ಟುಡಿಯೋದಲ್ಲಿ ಆ ನಾಲ್ಕು ಸೆಕೆಂಡು ಯುಗದ ಹಾಗನಿಸುತ್ತದೆ, ಮನೆಯಲ್ಲಿ ಮಗುವಿಗೆ ಅಷ್ಟಾದರೂ ಬೇಕು. 1996ರಲ್ಲಿ ನಿಕಲೋಡಿಯನ್‌ನಲ್ಲಿ ಬಂದ ‘ಬ್ಲೂಸ್ ಕ್ಲೂಸ್’ ಇಡೀ ಕಾರ್ಯಕ್ರಮವನ್ನೇ ಈ ಮೌನದ ಮೇಲೆ ಕಟ್ಟಿತ್ತು. ನಿರೂಪಕ ಸ್ಟೀವ್ ಬರ್ನ್ಸ್ ಕೇಳಿ ಕಾಯುತ್ತಿದ್ದರು. ಒಂದೇ ಎಪಿಸೋಡನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ ಹಾಕುತ್ತಿದ್ದರು, ಮೊದಲ ದಿನ ಸುಮ್ಮನಿದ್ದ ಮಗು ಕೊನೆಗೆ ಉತ್ತರ ಕೂಗಲಿ ಅಂತ.

ಮಾಡುವುದನ್ನು ಬಾಯಲ್ಲೂ ಹೇಳುವ ಅಭ್ಯಾಸ ಬೇಕು. ರೋಜರ್ಸ್ ತಮ್ಮ ಕಾರ್ಯಕ್ರಮದಲ್ಲಿ ಮೀನುಗಳಿಗೆ ಊಟ ಹಾಕುತ್ತಿದ್ದರು. ಕಣ್ಣು ಕಾಣದ ಒಬ್ಬ ಹುಡುಗಿ, ನೀವು ಹಾಕಿದಿರೋ ಇಲ್ಲವೋ ನನಗೆ ತಿಳಿಯಲ್ಲ, ಬಾಯಿಬಿಟ್ಟು ಹೇಳಿ ಅಂತ ಬರೆದಳು. ಅಲ್ಲಿಂದ ಅವರು ಹೇಳತೊಡಗಿದರು. ಅಡುಗೆಮನೆಯಿಂದ ಟಿವಿ ಕೇಳಿಸಿಕೊಳ್ಳುವ ಮಗುವಿಗೂ ಇದೇ ಉಪಕಾರ.

ಈಗ ಒಂದು ಕೈಕೆಲಸದ ಭಾಗವನ್ನು ಬಿಡಿಸಿ ನೋಡೋಣ, ಏಕೆಂದರೆ ಆಡಿಷನ್ನಿನಲ್ಲಿ ಇದನ್ನೇ ಕೇಳುವುದು ಹೆಚ್ಚು. ತೆಂಗಿನಗರಿಯ ಗಿರಗಿಟ್ಲೆ ತೆಗೆದುಕೊಳ್ಳಿ. ಬೇಕಾಗಿದ್ದು ಕಡ್ಡಿ ತೆಗೆದ ಗರಿಯ ನಾಲ್ಕು ಪಟ್ಟಿ, ಒಂದೊಂದೂ ಸುಮಾರು 25 ಸೆಂ.ಮೀ. ಉದ್ದ, ಎರಡು ಸೆಂ.ಮೀ. ಅಗಲ. ಪ್ರತಿಯೊಂದನ್ನೂ ಅರ್ಧಕ್ಕೆ ಮಡಚಿ, ಒಂದರ ಮಡಿಕೆಯೊಳಗೆ ಇನ್ನೊಂದರ ತುದಿ ಹಾಯಿಸುತ್ತಾ ನಾಲ್ಕನ್ನೂ ಕೂಡಿಸಿ, ಮೆಲ್ಲಗೆ ಎಳೆದರೆ ನಡುವೆ ಚೌಕ ಬಿಗಿಯಾಗುತ್ತದೆ, ನಾಲ್ಕು ಕಡೆ ರೆಕ್ಕೆ ನಿಲ್ಲುತ್ತದೆ. ನಡುವೆ ಕಡ್ಡಿ ಚುಚ್ಚಿ, ತೂತನ್ನು ಸ್ವಲ್ಪ ಸಡಿಲ ಮಾಡಿ, ರೆಕ್ಕೆಗಳನ್ನು ಒಂದೇ ದಿಕ್ಕಿಗೆ ಅಷ್ಟೇ ಅಷ್ಟು ತಿರುಚಿದರೆ ಆಯಿತು. ಮನೆಯಲ್ಲಿ ಐದು ನಿಮಿಷದ ಕೆಲಸ. ಟಿವಿಯಲ್ಲಿ ಇದೇ ಹತ್ತು ಥರ ಕೈಕೊಡುತ್ತದೆ.

ಮೊದಲನೆಯದು, ಹಿಂದೆ ಹಸಿರು ಪರದೆ (ಆ ಬಣ್ಣವನ್ನು ಕಂಪ್ಯೂಟರಿನಲ್ಲಿ ತೆಗೆದು ಬೇರೆ ಚಿತ್ರ ಕೂರಿಸಲು ಕಟ್ಟುವುದು) ಇದ್ದರೆ ಹಸಿ ಗರಿ ಪರದೆಯ ಜೊತೆಗೇ ಮಾಯವಾಗಿ ಅಲ್ಲಿ ಕಾರ್ಟೂನು ಕಾಡು ಕಾಣಿಸುತ್ತದೆ. ಮುಂಚೆಯೇ ಕೇಳಿ ನೀಲಿ ಪರದೆ ಹಾಕಿಸಬೇಕು, ಇಲ್ಲವೇ ಮೇಜಿನ ಮೇಲೆ ಮಾತ್ರ ತೋರಿಸಬೇಕು. ಎರಡನೆಯದು, ಲೈಟಿನ ಶಾಖಕ್ಕೆ ಗರಿ ಬೇಗ ಒಣಗಿ, ಬಿಗಿ ಮಾಡುವಾಗ ಮಡಿಕೆಯಲ್ಲೇ ಸೀಳುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೇಕಾದಾಗ ಒರೆಸಿ ತೆಗೆಯಿರಿ. ತೀರಾ ಎಳೆಯದು ನಿಲ್ಲುವುದಿಲ್ಲ, ಬಲಿತಿದ್ದು ಮುರಿಯುತ್ತದೆ, ನಡುವಿನದು ಬೇಕು. ಮೂರನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ: ನಾಲ್ಕೂ ಪಟ್ಟಿ ಒಂದೇ ಹಸಿರು, ಯಾವುದು ಯಾವುದರೊಳಗೆ ಹೋಯಿತು ಅಂತ ನೋಡುವವರಿಗೆ ತಿಳಿಯುವುದಿಲ್ಲ. ಎರಡು ಪಟ್ಟಿಗೆ ಕೆಂಪು ಬಣ್ಣ ಬಳಿದು ಒಣಗಿಸಿ ತನ್ನಿ. ಆಗ "ಕೆಂಪು ಹಸಿರಿನೊಳಗೆ" ಅಂದರೆ ಸಾಕು. ಎಡಗೈ ಬಲಗೈ ಅನ್ನಲು ಹೋಗಬೇಡಿ, ಕ್ಯಾಮೆರಾ ನಿಮ್ಮ ಎದುರಿಗಿದ್ದರೆ ಮಗುವಿಗೆ ಅದು ತಿರುಗುಮುರುಗು. ಮೇಲಿಂದ ಹಿಡಿಯುವ ಕ್ಯಾಮೆರಾ ಇದ್ದರೆ, ನಿಮ್ಮ ಕೈ ಚಿತ್ರದ ಕೆಳಗಿನಿಂದ ಬರುವ ಹಾಗೆ ಇಡಲು ಕ್ಯಾಮೆರಾದವರಿಗೆ ಹೇಳಿ. ಆಗ ಮಗು ತನ್ನ ಕೈಯನ್ನೇ ನೋಡಿದ ಹಾಗಿರುತ್ತದೆ.

ಇನ್ನು ಹಂತಗಳ ತಯಾರಿ. ಇಡೀ ಗರಿ, ಮಡಚಿದ ನಾಲ್ಕು ಪಟ್ಟಿ, ಸಡಿಲವಾಗಿ ಕೂಡಿಸಿದ್ದು, ಬಿಗಿಯಾದ ಚೌಕ, ತಿರುಗುವ ಗಿರಗಿಟ್ಲೆ: ಈ ಐದೂ ಹಂತ ಮೊದಲೇ ಮಾಡಿ ತಟ್ಟೆಯಲ್ಲಿ ಸಾಲಾಗಿ ಇಟ್ಟಿರಬೇಕು, ಪ್ರತಿ ಹಂತಕ್ಕೂ ಎರಡೆರಡು. ರೀಟೇಕ್ ಬಂದಾಗ ಬಿಗಿಯಾಗಿದ್ದನ್ನು ಬಿಚ್ಚಿ ಮತ್ತೆ ಮಾಡಲು ಹೊರಟರೆ ಗರಿ ಹರಿಯುತ್ತದೆ, ಇಪ್ಪತ್ತು ಜನ ಕಾಯುತ್ತಾ ನಿಲ್ಲುತ್ತಾರೆ. ಎರಡು ಡಜನ್ ಗರಿ ತಂದರೆ ನೆಮ್ಮದಿ. ಕ್ಯಾಮೆರಾ ಮುಂದೆ ಬ್ಲೇಡು ಬೇಡವೇ ಬೇಡ, ಉಗುರಲ್ಲಿ ಸೀಳಿ ತೋರಿಸಿ. ನೋಡಿದ್ದನ್ನು ಮಗು ಹಾಗೇ ಮಾಡುತ್ತದೆ. ಗರಿಯ ಸರಪರ ಸದ್ದು ಎದೆಯ ಮೈಕಿಗೆ ಜೋರಾಗಿ ಕೇಳುತ್ತದೆ, ಆದ್ದರಿಂದ ಎದೆ ಮಟ್ಟದಲ್ಲಿ ಹಿಡಿಯದೆ ಮೇಜಿನ ಮೇಲೆ ಮಾಡಿ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣಿನಷ್ಟು ಕೆಳಗೆ ಸಿಕ್ಕಿಸುತ್ತಾರೆ. ಗಾಜಿನ ಬಳೆ, ಗಂಜಿ ಹಾಕಿದ ಸೀರೆ, ಉದ್ದ ಸರ ಅದಕ್ಕೆ ವೈರಿಗಳು. ಸಣ್ಣ ಗೀಟಿನ ಬಟ್ಟೆಯೂ ಬೇಡ, ಪರದೆ ಮೇಲೆ ಗೀಟುಗಳು ಅಲೆಯಾಡುತ್ತವೆ.

ಸೆಟ್ಟಿಗೆ ಬಂದ ಮಕ್ಕಳ ವಿಷಯದಲ್ಲಿ ನಿಮಗೆ ಹೊಸದಾಗಿ ಹೇಳುವುದು ಕಡಿಮೆ, ತರಗತಿ ಕಲಿಸಿರುತ್ತದೆ. ಆದರೂ ಎರಡು ಮೂರು ಮಾತು. ಮಾನಿಟರ್ ಮಗುವಿಗೆ ಕಾಣದಂತೆ ತಿರುಗಿಸಿ, ಇಲ್ಲದಿದ್ದರೆ ಅದು ನಿಮ್ಮನ್ನು ಬಿಟ್ಟು ತನ್ನನ್ನೇ ನೋಡಿಕೊಳ್ಳುತ್ತದೆ. ಗೆಜ್ಜೆ ಬಿಚ್ಚಿಸಿ. "ಹೌದಾ, ಅಲ್ವಾ" ಪ್ರಶ್ನೆಗಳಿಗೆ ಮಗು ತಲೆ ಅಲ್ಲಾಡಿಸಿ ಸುಮ್ಮನಾಗುತ್ತದೆ, "ನಿಮ್ಮನೆ ನಾಯಿ ಎಲ್ಲಿ ಮಲಗುತ್ತೆ?" ಅಂತ ಕೇಳಿ. ಊಟದ ಬಿಡುವಿನಲ್ಲಿ ಕಡಲೆಮಿಠಾಯಿ ಕೊಟ್ಟರೆ ಮುಂದಿನ ಅರ್ಧ ಗಂಟೆ ಮಾತು ಹಲ್ಲಿಗೆ ಅಂಟುತ್ತದೆ, ಬಾಳೆಹಣ್ಣು ವಾಸಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುವುದು, ಮೇಕಪ್ ಕೋಣೆಯಲ್ಲಿ ಮಗುವಿನ ಜೊತೆ ಒಂಟಿಯಾಗಿ ಇರುವುದು ಎರಡೂ ಬೇಡ. ಪೋಷಕರು ಕಣ್ಣಿಗೆ ಕಾಣುವಷ್ಟು ಹತ್ತಿರ, ಮಗುವಿಗೆ ಕಣ್ಸನ್ನೆ ಮಾಡಲಾಗದಷ್ಟು ದೂರ ಇರಲಿ.

ಕಾನೂನು ತಿಳಿದಿರಲಿ, ನಿರ್ಮಾಪಕರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರ ನಿಯಮಗಳ ಪ್ರಕಾರ ಮಗು ಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಶೂಟಿಂಗ್ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ಹೊತ್ತವರು ಇರಬೇಕು. ಸತತ 27 ದಿನ ಮೀರಬಾರದು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ 20% ಅದರ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಮಗುವಿಗೆ ಇಷ್ಟವಿಲ್ಲದಿದ್ದರೆ ಮಾಡಿಸುವಂತೆಯೇ ಇಲ್ಲ. ಸೆಟ್ಟಿನಲ್ಲಿ ಮಗು ಸುಸ್ತಾಗಿದೆ ಅಂತ ಮೊದಲು ಕಾಣುವುದು ಪಕ್ಕದಲ್ಲಿರುವ ನಿಮಗೆ. ಆಗ ಬಾಯಿ ಬಿಡಬೇಕಾದವರೂ ನೀವೇ.

ಆಡಿಷನ್ ವಿಡಿಯೋ ಎರಡು ನಿಮಿಷ ಸಾಕು. 15 ಸೆಕೆಂಡು ಪರಿಚಯ, ಒಂದು ನಿಮಿಷ ಲೆನ್ಸಿಗೆ ಹೇಳುವ ಕಥೆ, ಉಳಿದಿದ್ದು ಒಂದು ಕೈಕೆಲಸ ಅಥವಾ ಒಂದು ಮಗುವಿನ ಜೊತೆ ಮಾತುಕತೆ. ಮಗು ಬೇರೆಯವರದಾದರೆ ತಂದೆ ತಾಯಿಯ ಒಪ್ಪಿಗೆ ಬರಹದಲ್ಲಿ ಇಟ್ಟುಕೊಳ್ಳಿ, ತರಗತಿಯಲ್ಲಿ ಚಿತ್ರೀಕರಿಸಿ ಕಳಿಸಬೇಡಿ. ಫೋನು ಅಡ್ಡಕ್ಕಿರಲಿ, ಕಣ್ಣಿನ ಮಟ್ಟಕ್ಕಿರಲಿ. ಕಿಟಕಿ ನಿಮ್ಮ ಎದುರಿಗಿರಲಿ, ಬೆನ್ನ ಹಿಂದೆ ಬೇಡ. ಫ್ಯಾನ್ ಆರಿಸಿ. ಟ್ಯೂಬ್‌ಲೈಟಿನಲ್ಲಿ ಚಿತ್ರ ಮಿಣುಕುತ್ತಿದ್ದರೆ ಕಾರಣ ನಮ್ಮ 50 ಹರ್ಟ್ಸ್ ಕರೆಂಟು. ಫೋನಿನಲ್ಲಿ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಟ್ಟರೆ ನಿಲ್ಲುತ್ತದೆ. ಬ್ಯೂಟಿ ಫಿಲ್ಟರು, ಹಿನ್ನೆಲೆ ಸಂಗೀತ ಹಾಕಿದ ವಿಡಿಯೋ ನೋಡಿದ ಕೂಡಲೇ ಆಯ್ಕೆ ಮಾಡುವವರಿಗೆ ಅನುಮಾನ ಬರುತ್ತದೆ. ಎಡವಿದ ಜಾಗ ಒಂದೆರಡಿದ್ದರೆ ತೆಗೆಯಬೇಡಿ, ಎಡವಿದಾಗ ಹೇಗೆ ಸಾವರಿಸಿಕೊಳ್ಳುತ್ತೀರಿ ಅನ್ನುವುದನ್ನೂ ನೋಡುತ್ತಾರೆ. ಚಂದನ, ಆಕಾಶವಾಣಿಗಳಲ್ಲಿ ತಾತ್ಕಾಲಿಕ ನಿರೂಪಕರಿಗೆ ಅರ್ಜಿ ಕರೆದು ಪರೀಕ್ಷೆ ಮಾಡುತ್ತಾರೆ, ಪ್ರಕಟಣೆಗಳ ಮೇಲೆ ಕಣ್ಣಿಡಿ. ಪಾತ್ರ ಕೊಡಿಸುತ್ತೇವೆ ಅಂತ ಮುಂಗಡ ಹಣ, ‘ಪೋರ್ಟ್‌ಫೋಲಿಯೋ ಖರ್ಚು’ ಕೇಳುವವರ ಹತ್ತಿರ ಹೋಗಲೇಬೇಡಿ.

ಹಾಡು, ಕಥೆ ಆರಿಸುವಾಗ ಹಕ್ಕು ನೋಡಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡಿದ್ದು 1937ರಲ್ಲಿ, ಅವರ ಪದ್ಯಗಳನ್ನು ಯಾರೂ ಬಳಸಬಹುದು. ಜಿ.ಪಿ. ರಾಜರತ್ನಂ ತೀರಿಕೊಂಡಿದ್ದು 1979ರಲ್ಲಿ, ಅವರ ಶಿಶುಗೀತೆಗಳಿಗೆ 2039ರ ಕೊನೆಯವರೆಗೂ ಅನುಮತಿ ಬೇಕು, ಶಾಲೆಯಲ್ಲಿ ಎಲ್ಲರಿಗೂ ಬಾಯಿಪಾಠ ಇದ್ದರೂ ಸರಿಯೇ. ಸ್ವಂತ ಯೂಟ್ಯೂಬ್ ಚಾನೆಲ್ ಮಾಡುವುದಾದರೆ ಇನ್ನೊಂದು ಲೆಕ್ಕ: 2020ರಿಂದ ಮಕ್ಕಳಿಗಾಗಿ ಅಂತ ಗುರುತಿಸಿದ ವಿಡಿಯೋಗಳಿಗೆ ನೋಡುಗರ ಅಭಿರುಚಿ ಹಿಡಿದು ಬರುವ ಜಾಹೀರಾತೂ ಇಲ್ಲ, ಕಾಮೆಂಟೂ ಇಲ್ಲ. ಹಾಗಾಗಿ ವೀಕ್ಷಣೆ ಲಕ್ಷ ದಾಟಿದರೂ ಕೈಗೆ ಬರುವುದು ಕಡಿಮೆ. ಚಾನೆಲ್ಲನ್ನು ಸಂಪಾದನೆ ಅಂದುಕೊಳ್ಳಬೇಡಿ, ತೋರಿಸಿಕೊಳ್ಳುವ ಕಡತ ಅಂದುಕೊಳ್ಳಿ.

ಅಭ್ಯಾಸಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ‘ಹುಣ್ಣಿಮೆ ಹಾಡು’ ಕಾರ್ಯಕ್ರಮದ ನಾಟಕಗಳಿಗೆ ಹೋಗಿ, ಮೈಕಿಲ್ಲದೆ ದನಿ ಹೇಗೆ ಹಾಯುತ್ತದೆ ನೋಡಿ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ, ಹಳ್ಳಿಯವರೇ ಕಾರ್ಯಕ್ರಮ ಮಾಡುವುದನ್ನು ಈ ದೇಶಕ್ಕೆ ಮೊದಮೊದಲು ತೋರಿಸಿಕೊಟ್ಟಿದ್ದರಲ್ಲಿ ಒಂದು. ತುಮಕೂರಿನಲ್ಲಿ ರೇಡಿಯೋ ಸಿದ್ಧಾರ್ಥ ಇದೆ. ಸಮುದಾಯ ಬಾನುಲಿಯಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ಕೈಜೋಡಿಸುತ್ತೇನೆ ಅಂದರೆ ಬೇಡ ಅನ್ನುವವರು ಅಪರೂಪ. ಮುಖ ಕಾಣದ ಕಡೆ ಆರು ತಿಂಗಳು ಮಾತಾಡಿದವರಿಗೆ ಕ್ಯಾಮೆರಾ ಮುಂದೆ ಕೈ ಎಲ್ಲಿ ಇಟ್ಟುಕೊಳ್ಳಲಿ ಅನ್ನುವ ಚಿಂತೆ ಅರ್ಧ ಕಳೆದಿರುತ್ತದೆ.

ಶಾಲೆಯ ಕೆಲಸ ಈಗಲೇ ಬಿಡಬೇಡಿ. ಸಂಭಾವನೆ ಎಪಿಸೋಡಿಗಿಷ್ಟು ಅಂತ ಇರುತ್ತದೆ, ತಿಂಗಳಿಗೆ ಇಷ್ಟೇ ಬರುತ್ತದೆ ಅನ್ನುವ ಖಾತರಿ ಇಲ್ಲ, ಹಣ ಕೈಸೇರಲು ಎರಡು ಮೂರು ತಿಂಗಳು ಹಿಡಿದರೂ ಆಶ್ಚರ್ಯವಿಲ್ಲ. ಎಪಿಸೋಡಿಗೆ ಎಷ್ಟು, ಯಾವಾಗ ಕೊಡುತ್ತಾರೆ, ಮರುಪ್ರಸಾರಕ್ಕೆ ಮತ್ತು ಯೂಟ್ಯೂಬಿಗೆ ಹಾಕಿದರೆ ಏನು, ಕಾರ್ಯಕ್ರಮ ನಡೆಯುವಾಗ ಬೇರೆ ವಾಹಿನಿಗೆ ಹೋಗಬಹುದೇ, ನೀವು ಬರೆದ ಕಥೆಯ ಹಕ್ಕು ಯಾರದು: ಈ ಐದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ. ಐದನೆಯದನ್ನು ಮರೆತವರೇ ಹೆಚ್ಚು, ಆಮೇಲೆ ತಮ್ಮ ಬೊಂಬೆಯ ಹೆಸರನ್ನೇ ತಾವು ಬಳಸಲಾಗದೆ ಕೂರುತ್ತಾರೆ. ಪ್ಯಾನ್ ಕಾರ್ಡ್ ಇರಲಿ. ವೃತ್ತಿಪರ ಸಂಭಾವನೆಯಲ್ಲಿ ಸಾಮಾನ್ಯವಾಗಿ 10% ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, ವರ್ಷದ ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ದಿನಕ್ಕೆ ಮೂರು ನಾಲ್ಕು ಎಪಿಸೋಡ್ ಒಟ್ಟಿಗೆ ಮುಗಿಸುವುದು ರೂಢಿ, ಆದ್ದರಿಂದ ಭಾನುವಾರಗಳು, ದಸರಾ ಮತ್ತು ಬೇಸಿಗೆ ರಜೆಗಳಲ್ಲಿ ಶುರುವಿನ ಕೆಲಸ ನಿಭಾಯಿಸಬಹುದು. ದೂರದರ್ಶನ ಕೇಂದ್ರ ಇರುವುದು ಜೆ.ಸಿ. ನಗರದಲ್ಲಿ, ಬಳ್ಳಾರಿ ರಸ್ತೆಯಿಂದ ಹೆಬ್ಬಾಳ, ಮೇಖ್ರಿ ವೃತ್ತ ದಾಟಿದರೆ ಹತ್ತಿರ. ಚಿಕ್ಕಬಳ್ಳಾಪುರದ ಕಡೆಯಿಂದ ಬರುವವರಿಗೆ ಇದು ಸಲೀಸು, ಹೊಸಕೋಟೆ, ಕೆ.ಆರ್. ಪುರದ ದಾರಿ ಹಿಡಿದರೆ ಟಿನ್ ಫ್ಯಾಕ್ಟರಿಯಲ್ಲೇ ಬೆಳಗ್ಗೆ ಕಳೆಯುತ್ತದೆ. ಏಳೂವರೆಗೆ ಮೇಕಪ್ ಅಂದರೆ ಹಿಂದಿನ ರಾತ್ರಿಯೇ ನೆಂಟರ ಮನೆ ಸೇರುವುದು ಮೇಲು. ಚೀಲದಲ್ಲಿ ಎಪಿಸೋಡಿಗೊಂದರಂತೆ ಇಸ್ತ್ರಿ ಮಾಡಿದ ಬಟ್ಟೆ, ಅದರಲ್ಲಿ ಒಂದಾದರೂ ಹಸಿರಲ್ಲದ್ದು ನೀಲಿಯಲ್ಲದ್ದು, ಸೇಫ್ಟಿ ಪಿನ್ನು, ಬಿಸಿನೀರಿನ ಫ್ಲಾಸ್ಕು, ಸ್ಕ್ರಿಪ್ಟಿನ ಎರಡು ಪ್ರತಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಗರಿ.